ಜೋಳದ ಲೋಟ ಕೊಳೆಯಲಿಲ್ಲವೇಕೆ?

ಪ್ರಶ್ನೆ: ಗೃಹಪ್ರವೇಶಕ್ಕೆ ತಂದ, ಮೆಕ್ಕೆಜೋಳದಿಂದ ಮಾಡಿದ್ದೆಂಬ ಪಾರದರ್ಶಕ ಲೋಟಗಳು ಮಳೆಗಾಲ ಕಳೆದರೂ ಗೊಬ್ಬರಗುಂಡಿಯಲ್ಲಿ ಹಾಗೆಯೇ ಉಳಿದಿವೆ. ನಾವು ಮೋಸಹೋದೆವೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಮೋಸವೆನ್ನಲಾಗದು. ಅವು ಬಹುಶಃ ಪಿಎಲ್‌ಎ, ಅಂದರೆ ಪಿಷ್ಟದಿಂದ ಪಡೆದ ಸಕ್ಕರೆಯನ್ನು ಹುದುಗಿಸಿ ತೆಗೆದ ಲ್ಯಾಕ್ಟಿಕ್ ಆಮ್ಲದ ಪ್ಲಾಸ್ಟಿಕ್. ಸುಮಾರು 58 ಡಿಗ್ರಿ ಸೆಲ್ಸಿಯಸ್ ಕಾವು ವಾರಗಟ್ಟಲೆ ನಿಲ್ಲುವ ಕೈಗಾರಿಕಾ ಕಾಂಪೋಸ್ಟ್ ಘಟಕದಲ್ಲಿ ಅದು ಕೆಲವು ತಿಂಗಳಲ್ಲಿ ಕೊಳೆಯುತ್ತದೆ. ಸೊಪ್ಪು, ಸಗಣಿ ತುಂಬಿದ, ಮಳೆನೀರಿಗೆ ತಣ್ಣಗಾಗುವ ಮಲೆನಾಡಿನ ಗುಂಡಿಯಲ್ಲಿ ಅಷ್ಟು ಕಾವು ಉಳಿಯುವುದಿಲ್ಲ. (ಅಡಿಕೆ ಹಾಳೆಯ ತಟ್ಟೆ, ದೊನ್ನೆ ಸಿಗುವ ಊರಿಗೆ ಇವು ಬೇಕಿದ್ದವೇ ಎಂಬುದು ಬೇರೆ ಮಾತು.) ನೀರಿನ ಬಾಟಲಿಗಳ ಜೊತೆ ಗುಜರಿಗೂ ಹಾಕಬೇಡಿ: ಆ ಬಾಟಲಿಗಳ ಪ್ಲಾಸ್ಟಿಕ್ಕಾದ ಪಿಇಟಿ ಕರಗುವ ಸುಮಾರು 250 ಡಿಗ್ರಿ ಶಾಖದಲ್ಲಿ ಪಿಎಲ್‌ಎ ಕೆಟ್ಟು, ಮರುಬಳಕೆಯ ಪ್ಲಾಸ್ಟಿಕ್ಕಿನ ಗುಣಮಟ್ಟವನ್ನೂ ಕೆಡಿಸುತ್ತದೆ. ಪ್ರತ್ಯೇಕವಾಗಿ ಸಂಗ್ರಹಿಸಿದರೆ, ಅಧಿಕ ಶಾಖದಲ್ಲಿ ನೀರಿನೊಡನೆ ವಿಭಜಿಸಿ ಮತ್ತೆ ಲ್ಯಾಕ್ಟಿಕ್ ಆಮ್ಲವನ್ನೇ ಪಡೆಯಬಹುದು.