ದಿವಾಳಿ ಕಂಪನಿಯ ಎದುರು ಕುಳಿತ ಪೈಲಟರ ಸಂಘ

ಪ್ರಶ್ನೆ: ಅಮೆರಿಕದಲ್ಲಿ ವಿಮಾನ ಕಂಪನಿ ದಿವಾಳಿ ಅರ್ಜಿ ಹಾಕಿದಾಗ ಪೈಲಟರ ಸಂಘವೇ ಸಂಬಳ ಕಡಿತಕ್ಕೆ ಸಹಿ ಹಾಕುತ್ತದೆ ಎಂದು ಓದಿದೆ. ಸಂಬಳ ಹೆಚ್ಚಿಸಲೆಂದೇ ಹುಟ್ಟಿದ ಸಂಘ ಹೀಗೇಕೆ ಮಾಡುತ್ತದೆ? ಹೆದರಿ ಒಪ್ಪುತ್ತದೆಯೋ, ಲೆಕ್ಕ ಹಾಕಿ ಒಪ್ಪುತ್ತದೆಯೋ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹೆದರಿಕೆಯೂ ಇರುತ್ತದೆ, ಲೆಕ್ಕಾಚಾರವೂ ಇರುತ್ತದೆ. ಕೆಲವು ಸಂಘಗಳು ಹೆದರಿಕೆಯಲ್ಲೇ ನಿಂತುಬಿಟ್ಟವು. ಬೇರೆ ಕೆಲವು ಕೊಟ್ಟದ್ದಕ್ಕೆ ಬದಲಾಗಿ ಏನು ಕೇಳಬಹುದು ಎಂಬುದನ್ನು ಬೇಗ ಅರಿತುಕೊಂಡವು.

ಮೊದಲು ಒಂದು ಮಾತು. ಅಮೆರಿಕದ ದಿವಾಳಿ ಕಾನೂನಿನ 11ನೇ ಅಧ್ಯಾಯದಡಿ ಅರ್ಜಿ ಹಾಕಿದ ಕಂಪನಿ ಬಾಗಿಲು ಮುಚ್ಚುವುದಿಲ್ಲ. ನ್ಯಾಯಾಲಯದ ರಕ್ಷಣೆಯಲ್ಲಿ ವಿಮಾನಗಳನ್ನು ಹಾರಿಸುತ್ತಲೇ ಹಳೆಯ ಸಾಲ, ಗುತ್ತಿಗೆ, ಒಪ್ಪಂದಗಳನ್ನು ಒಂದೊಂದಾಗಿ ತೂಗಿ ನೋಡಲು ಅದಕ್ಕೆ ಅವಕಾಶ ಸಿಗುತ್ತದೆ. ಕಾರ್ಮಿಕ ಒಪ್ಪಂದವೂ ಆ ತಕ್ಕಡಿಗೆ ಬರುತ್ತದೆ. 1983ರ ಸೆಪ್ಟೆಂಬರಿನಲ್ಲಿ ಕಾಂಟಿನೆಂಟಲ್ ಏರ್‌ಲೈನ್ಸ್‌ನ ಮುಖ್ಯಸ್ಥ ಫ್ರಾಂಕ್ ಲೊರೆಂಜೊ ಇದನ್ನು ನಿರ್ದಾಕ್ಷಿಣ್ಯವಾಗಿ ಬಳಸಿದರು: ದಿವಾಳಿ ಅರ್ಜಿ ಹಾಕಿ, ಒಪ್ಪಂದಗಳನ್ನು ಬದಿಗೆ ಸರಿಸಿ, ಮೂರೇ ದಿನಗಳಲ್ಲಿ ಹೆಚ್ಚುಕಡಿಮೆ ಅರ್ಧ ಸಂಬಳಕ್ಕೆ ಬರಲೊಪ್ಪಿದವರನ್ನು ಕಟ್ಟಿಕೊಂಡು ಕಂಪನಿಯನ್ನು ಮತ್ತೆ ಹಾರಿಸಿದರು. ಪೈಲಟರ ಮುಷ್ಕರ 1985ರವರೆಗೆ ನಡೆದರೂ ಗೆಲ್ಲಲಿಲ್ಲ. ಇಂಥ ಏಕಪಕ್ಷೀಯ ನಡೆ ಕಾನೂನುಬಾಹಿರವಲ್ಲ ಎಂದು 1984ರ ಫೆಬ್ರವರಿಯಲ್ಲಿ, ಬೇರೊಂದು ಕಂಪನಿಯ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕಾರ್ಮಿಕ ಸಂಘಗಳು ಗದ್ದಲ ಎಬ್ಬಿಸಿದ್ದರಿಂದ ಅದೇ ವರ್ಷದ ಜುಲೈನಲ್ಲಿ ಸಂಸತ್ತು ದಿವಾಳಿ ಸಂಹಿತೆಗೆ 1113ನೇ ಕಲಮನ್ನು ಸೇರಿಸಿತು.

ಆ ಕಲಮಿನ ಪ್ರಕಾರ ಕಂಪನಿ ಒಪ್ಪಂದವನ್ನು ತಾನೇ ಹರಿದುಹಾಕುವಂತಿಲ್ಲ. ತನಗೆ ಬೇಕಾದ ಬದಲಾವಣೆಗಳನ್ನು ಸಂಘದ ಮುಂದಿಟ್ಟು, ಅವು ಕಂಪನಿ ಉಳಿಯಲು ಅಗತ್ಯವೆಂಬುದಕ್ಕೆ ಲೆಕ್ಕಪತ್ರ ತೋರಿಸಿ, ಎಲ್ಲ ಪಕ್ಷಗಳನ್ನೂ ನ್ಯಾಯವಾಗಿ ನಡೆಸಿಕೊಳ್ಳುವ ಪ್ರಸ್ತಾವವಿದೆಂದು ಒಪ್ಪಿಸಿ, ಸದುದ್ದೇಶದಿಂದ ಮಾತುಕತೆ ನಡೆಸಬೇಕು. ಸಂಘ ಸರಿಯಾದ ಕಾರಣವಿಲ್ಲದೆ ನಿರಾಕರಿಸಿದೆ ಎಂದು ನ್ಯಾಯಾಧೀಶರಿಗೆ ಮನವರಿಕೆಯಾದರೆ ಮಾತ್ರ ಒಪ್ಪಂದ ರದ್ದತಿಗೆ ಅನುಮತಿ ಸಿಗುತ್ತದೆ. ಓದಲು ಇದು ಸಂಘಕ್ಕೆ ಗುರಾಣಿಯಂತೆ ಕಾಣುತ್ತದೆ. ಆದರೆ ದೊಡ್ಡ ವಿಮಾನ ಕಂಪನಿಗಳು ಈ ಬಾಗಿಲು ತಟ್ಟಿದಾಗ ಬಹುಪಾಲು ಅದು ತೆರೆದಿದೆ. ಆದ್ದರಿಂದ ಮಾತುಕತೆಗೆ ಕೂತ ಪ್ರತಿ ಸಂಘಕ್ಕೂ, ತಾನು ಒಪ್ಪದಿದ್ದರೆ ಇದಕ್ಕಿಂತ ಕೆಟ್ಟ ಷರತ್ತು ನ್ಯಾಯಾಧೀಶರ ಸಹಿಯೊಂದಿಗೇ ಬರಬಹುದು ಎಂಬ ಅರಿವು ಇರುತ್ತದೆ.

ಈ ಒತ್ತಡ ಹೇಗೆ ಕೆಲಸ ಮಾಡುತ್ತದೆಂದು ನೋಡಲು ಅಮೆರಿಕನ್ ಏರ್‌ಲೈನ್ಸ್ ಪ್ರಕರಣವೇ ಸಾಕು. ಪ್ರತಿಸ್ಪರ್ಧಿಗಳಾದ ಯುನೈಟೆಡ್, ಡೆಲ್ಟಾ, ನಾರ್ತ್‌ವೆಸ್ಟ್ ಮೊದಲೇ ದಿವಾಳಿಯ ಮೂಲಕ ಹಾದು ಖರ್ಚು ತಗ್ಗಿಸಿಕೊಂಡಿದ್ದವು. ಅಮೆರಿಕನ್ ಮಾತ್ರ ತಡೆದುಕೊಂಡಿತ್ತು. 2003ರಲ್ಲಿ ದಿವಾಳಿಯನ್ನು ತಪ್ಪಿಸಲೆಂದು ಅದರ ಪೈಲಟರು ಸಂಬಳದಲ್ಲಿ 23% ಕಡಿತವನ್ನು, ಒಟ್ಟಾರೆ ವರ್ಷಕ್ಕೆ 66 ಕೋಟಿ ಡಾಲರ್ ರಿಯಾಯಿತಿಯನ್ನು ಒಪ್ಪಿದ್ದರು. ಅದೇ ಹೊತ್ತಿನಲ್ಲಿ ಉನ್ನತಾಧಿಕಾರಿಗಳಿಗೆ ವಿಶೇಷ ಬೋನಸ್ ಮತ್ತು ಪಿಂಚಣಿ ರಕ್ಷಣೆ ಕಾದಿರಿಸಲಾಗಿತ್ತೆಂಬುದು ಬಯಲಾಗಿ ಮುಖ್ಯಸ್ಥ ಡಾನ್ ಕಾರ್ಟಿ ರಾಜೀನಾಮೆ ಕೊಡಬೇಕಾಯಿತು. ಆ ಗಾಯ ಮಾಯಲಿಲ್ಲ. 2011ರ ನವೆಂಬರ್ 29ರಂದು ಕಂಪನಿ, ಕೈಯಲ್ಲಿ ಸುಮಾರು 400 ಕೋಟಿ ಡಾಲರ್ ನಗದು ಇಟ್ಟುಕೊಂಡೇ, ನ್ಯೂಯಾರ್ಕಿನಲ್ಲಿ ದಿವಾಳಿ ಅರ್ಜಿ ಹಾಕಿದಾಗ ಪೈಲಟರ ಕಣ್ಣಿಗೆ ಅದು ಅಸಹಾಯಕತೆಯಾಗಿ ಕಾಣದೆ ತಂತ್ರವಾಗಿ ಕಂಡಿತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಬರಿಯ ಸಿಟ್ಟಿನಿಂದ ಅವರಿಗೆ ಹೆಚ್ಚೇನೂ ದಕ್ಕುತ್ತಿರಲಿಲ್ಲ.

ಕಂಪನಿ ಎಲ್ಲ ನೌಕರರಿಂದ ವರ್ಷಕ್ಕೆ 125 ಕೋಟಿ ಡಾಲರ್ ಉಳಿತಾಯ ಕೇಳಿತು. ಪೈಲಟರ ಪಾಲು 37 ಕೋಟಿ. ಅಲೈಡ್ ಪೈಲಟ್ಸ್ ಅಸೋಸಿಯೇಷನ್ ಎಂಬ ಅವರ ಸಂಘಕ್ಕೆ ಸಂಬಳಕ್ಕಿಂತಲೂ ಚುಚ್ಚಿದ್ದು ಬೇರೆಯದು: ಎಷ್ಟು ಹಾರಾಟವನ್ನು ಸಣ್ಣ ಪ್ರಾದೇಶಿಕ ಕಂಪನಿಗಳಿಗೂ ಪಾಲುದಾರ ಕಂಪನಿಗಳಿಗೂ ಬಿಟ್ಟುಕೊಡಬಹುದು ಎಂಬ ಮಿತಿ. ಪೈಲಟರು ಅದನ್ನು ‘ಸ್ಕೋಪ್’ ಎನ್ನುತ್ತಾರೆ. ಇಳಿದ ಸಂಬಳ ಮುಂದೆ ಏರಬಹುದು, ಹೊರಗೆ ಹೋದ ಹಾರಾಟ ಮಾತ್ರ ಸುಲಭವಾಗಿ ಹಿಂದಿರುಗುವುದಿಲ್ಲ.

ಸಂಘದ ಜಾಣತನ ಕಂಡದ್ದು ಇಲ್ಲಿ. ದಿವಾಳಿಯಲ್ಲಿ ಬಾಕಿದಾರರ, ಅಂದರೆ ಕಂಪನಿಯಿಂದ ಹಣ ಬರಬೇಕಾದವರ, ಅಧಿಕೃತ ಸಮಿತಿಯೊಂದು ಇರುತ್ತದೆ. ಕಂಪನಿಯ ಭವಿಷ್ಯದ ಯೋಜನೆಗೆ ಅದರ ಮಾತು ಬಹಳ ಮುಖ್ಯ. ಒಂಬತ್ತು ಸದಸ್ಯರ ಆ ಸಮಿತಿಯಲ್ಲಿ ಮೂರು ಸ್ಥಾನಗಳು ಪೈಲಟರು, ಗಗನಸಖಿಯರು ಮತ್ತು ನೆಲದ ಕೆಲಸಗಾರರ ಸಂಘಗಳಿಗೆ ಸಿಕ್ಕಿದ್ದವು. ಈ ಮೂರೂ ಸಂಘಗಳು 2012ರ ಏಪ್ರಿಲ್‌ನಲ್ಲಿ ತಮ್ಮ ಆಡಳಿತವನ್ನು ಬದಿಗಿಟ್ಟು, ಅಮೆರಿಕನ್ ಜೊತೆ ವಿಲೀನ ಬಯಸಿದ್ದ ಯುಎಸ್ ಏರ್‌ವೇಸ್‌ನ ಡಗ್ ಪಾರ್ಕರ್ ಅವರೊಂದಿಗೆ ಮುಂದಿನ ಕೆಲಸದ ಷರತ್ತುಗಳನ್ನೇ ಕುದುರಿಸಿ ಬಂದವು. ಮನೆಯ ಯಜಮಾನ ಚೌಕಾಸಿ ಮಾಡುತ್ತಿರುವಾಗ ಆಳುಗಳೇ ಹೊಸ ಯಜಮಾನನನ್ನು ಗೊತ್ತು ಮಾಡಿ ಬಂದಂತೆ. ಕೇಳುವವರು ಇಬ್ಬರಾದಾಗ ರಿಯಾಯಿತಿಗೂ ಬೆಲೆ ಬಂತು.

ದಾರಿ ನೇರವಾಗಿರಲಿಲ್ಲ. ಆಗಸ್ಟ್‌ನಲ್ಲಿ ಕಂಪನಿಯ ‘ಕೊನೆಯ’ ಪ್ರಸ್ತಾವವನ್ನು, ಸಂಘದ ಅಧ್ಯಕ್ಷರೇ ಬೆಂಬಲಿಸಿದ್ದರೂ, 61% ಪೈಲಟರು ತಿರಸ್ಕರಿಸಿದರು. ಅಧ್ಯಕ್ಷರು ಹುದ್ದೆ ಬಿಟ್ಟರು. ನ್ಯಾಯಾಧೀಶ ಶಾನ್ ಲೇನ್ ಆಗಸ್ಟ್ 15ರಂದು, ಒಪ್ಪಂದ ರದ್ದತಿ ಕೋರಿದ್ದ ಕಂಪನಿಯ ಅರ್ಜಿಯನ್ನು ಎರಡು ಕಾರಣಗಳಿಗೆ ತಳ್ಳಿಹಾಕಿದರು: ಪಾಲುದಾರ ಕಂಪನಿಗಳ ವಿಮಾನದಲ್ಲಿ ತನ್ನ ಟಿಕೆಟ್ ಮಾರಲು ಮತ್ತು ಪೈಲಟರನ್ನು ಕೆಲಸದಿಂದ ಇಳಿಸಲು ಕಂಪನಿ ಕೇಳಿದ್ದ ಸ್ವಾತಂತ್ರ್ಯ ಅಗತ್ಯಕ್ಕಿಂತ ಹೆಚ್ಚಾಗಿತ್ತು. ಕಂಪನಿ ಆ ಎರಡನ್ನು ತಿದ್ದಿಕೊಂಡು ಬಂತು, ಸೆಪ್ಟೆಂಬರ್ 4ರಂದು ಅನುಮತಿ ಸಿಕ್ಕಿತು. ಕೊನೆಗೆ ಡಿಸೆಂಬರಿನಲ್ಲಿ ಹೊಸ ಒಪ್ಪಂದಕ್ಕೆ ಸುಮಾರು 74% ಮತ ಬಿತ್ತು. ಬಾಕಿದಾರರಿಗೆ ಹಂಚುವ ಷೇರಿನಲ್ಲಿ 13.5% ಪೈಲಟರಿಗೆ ದಕ್ಕಿತು. 2013ರ ಡಿಸೆಂಬರ್ 9ರಂದು ವಿಲೀನ ಮುಗಿದು ಪಾರ್ಕರ್ ಅವರೇ ಮುಖ್ಯಸ್ಥರಾದರು.

ಪ್ರಶ್ನೆ: ಒಪ್ಪಂದವೇ ರದ್ದಾದ ಮೇಲೆ ಮುಷ್ಕರ ಹೂಡಬಹುದಲ್ಲವೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಸಾಮಾನ್ಯ ಬುದ್ಧಿಗೆ ಹಾಗೆಯೇ ತೋರುತ್ತದೆ. ಆದರೆ ಅಮೆರಿಕದ ವಿಮಾನ ನೌಕರರು ಕಾರ್ಖಾನೆಯ ಕಾರ್ಮಿಕ ಕಾನೂನಿಗೆ ಒಳಪಡುವುದಿಲ್ಲ. ಮೂಲತಃ ರೈಲ್ವೆಗಾಗಿ 1926ರಲ್ಲಿ ಮಾಡಿ 1936ರಲ್ಲಿ ವಿಮಾನಯಾನಕ್ಕೆ ವಿಸ್ತರಿಸಿದ ಕಾಯ್ದೆ ಅವರಿಗೆ ಅನ್ವಯಿಸುತ್ತದೆ; ಅದರಡಿ ಸಂಧಾನದ ದೀರ್ಘ ಮೆಟ್ಟಿಲುಗಳನ್ನು ಹತ್ತದೆ ಕೆಲಸ ನಿಲ್ಲಿಸುವಂತಿಲ್ಲ. ದಿವಾಳಿಯಲ್ಲಿ ಒಪ್ಪಂದ ರದ್ದಾದರೂ ಈ ಬಂಧನ ಉಳಿಯುತ್ತದೆಂದು ನಾರ್ತ್‌ವೆಸ್ಟ್ ಗಗನಸಖಿಯರ ಪ್ರಕರಣದಲ್ಲಿ 2007ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಒಪ್ಪಂದವನ್ನು ಮುರಿಯುವ ದಾರಿ ಒಬ್ಬರಿಗೆ ತೆರೆದಿದ್ದು, ಕೆಲಸ ನಿಲ್ಲಿಸುವ ದಾರಿ ಮತ್ತೊಬ್ಬರಿಗೆ ಮುಚ್ಚಿರುವುದು ನನಗೆ ಸಮತೂಕವೆನಿಸುವುದಿಲ್ಲ.

2012ರ ಸೆಪ್ಟೆಂಬರಿನಲ್ಲಿ ಅಮೆರಿಕನ್ ವಿಮಾನಗಳು ದಿನವೂ ತಡವಾಗತೊಡಗಿ ನೂರಾರು ರದ್ದಾದವು. ಪೈಲಟರು ಹೊರಡುವ ಮುಂಚೆ ಚಿಕ್ಕಪುಟ್ಟ ದುರಸ್ತಿಗಳನ್ನು ಬರೆದು ತಡ ಮಾಡುತ್ತಿದ್ದಾರೆಂದು ಕಂಪನಿ ದೂರಿತು, ತಾನು ಅಂಥದ್ದಕ್ಕೆ ಕರೆ ಕೊಟ್ಟಿಲ್ಲವೆಂದು ಸಂಘ ಹೇಳಿತು. ಕಾರಣ ಏನೇ ಇರಲಿ, ಸ್ವಲ್ಪ ದಿನಗಳಲ್ಲೇ ಇಬ್ಬರೂ ಮತ್ತೆ ಮಾತುಕತೆಗೆ ಕುಳಿತರು.

ಪ್ರಶ್ನೆ: ಈಗಾಗಲೇ ನಿವೃತ್ತರಾದ ಪೈಲಟರ ಪಿಂಚಣಿ ಏನಾಗುತ್ತದೆ?
— ನಿವೃತ್ತ ನೌಕರರೊಬ್ಬರು, ಮೈಸೂರು

ಉತ್ತರ: ಅತ್ಯಂತ ಕಹಿಯಾದ ಭಾಗ ಇದೇ. 2002ರ ಡಿಸೆಂಬರಿನಲ್ಲಿ ದಿವಾಳಿಗೆ ಹೋದ ಯುನೈಟೆಡ್ 2005ರಲ್ಲಿ ನ್ಯಾಯಾಲಯದ ಅನುಮತಿಯಿಂದ ತನ್ನ ಪಿಂಚಣಿ ಯೋಜನೆಗಳನ್ನು ಕೈಬಿಟ್ಟಿತು; ಹೊಣೆ ಸರ್ಕಾರದ ಪಿಂಚಣಿ ವಿಮಾ ನಿಗಮಕ್ಕೆ ಬಿತ್ತು. ಆ ನಿಗಮ ಕೊಡುವ ಮೊತ್ತಕ್ಕೆ ಮಿತಿಯಿದೆ: ಆಗ 65ನೇ ವಯಸ್ಸಿಗೆ ನಿವೃತ್ತರಾದವರಿಗೆ ವರ್ಷಕ್ಕೆ ಗರಿಷ್ಠ ಸುಮಾರು 45 ಸಾವಿರ ಡಾಲರ್, 60ಕ್ಕೇ ನಿವೃತ್ತರಾದವರಿಗೆ 30 ಸಾವಿರಕ್ಕೂ ಕಡಿಮೆ. ವಿಚಿತ್ರವೆಂದರೆ ಪೈಲಟರು 60ಕ್ಕೆ ನಿವೃತ್ತರಾಗಲೇಬೇಕೆಂದು ಅಂದು ಸರ್ಕಾರದ್ದೇ ನಿಯಮವಿತ್ತು. ಅದು 65ಕ್ಕೆ ಏರಿದ್ದು 2007ರ ಡಿಸೆಂಬರಿನಲ್ಲಿ. ಸರ್ಕಾರದ ಒಂದು ಕೈ ಬೇಗ ಮನೆಗೆ ಕಳುಹಿಸಿತು, ಇನ್ನೊಂದು ಕೈ ಬೇಗ ಬಂದಿರೆಂದು ಕಡಿತ ಮಾಡಿತು.

ಕೆಲಸದಲ್ಲಿದ್ದ ಯುನೈಟೆಡ್ ಪೈಲಟರು ಪಿಂಚಣಿ ರದ್ದತಿಯನ್ನು ವಿರೋಧಿಸದಿರಲು ಒಪ್ಪಿ, ಬದಲಿಗೆ 55 ಕೋಟಿ ಡಾಲರ್ ಮೌಲ್ಯದ ಸಾಲಪತ್ರ ಪಡೆದರು. ನಿವೃತ್ತರು ಇದಕ್ಕಾಗಿ ಸಂಘವನ್ನು ಕ್ಷಮಿಸಲಿಲ್ಲವೆಂದರೆ ಆಶ್ಚರ್ಯವಿಲ್ಲ. ಮಾತುಕತೆಯ ಮೇಜಿನಲ್ಲಿ ಮತ ಇರುವವರಿಗೆ ಮಾತ್ರ ಬೆಲೆ. ಅಮೆರಿಕನ್‌ನಲ್ಲಿ ಪಿಂಚಣಿ ನಿಗಮ ಮೊದಲೇ ಗಟ್ಟಿಯಾಗಿ ಎದುರು ನಿಂತದ್ದರಿಂದ ಯೋಜನೆಗಳು ರದ್ದಾಗದೆ ಸ್ತಂಭನಗೊಂಡವು, ಅಂದರೆ ಅದುವರೆಗೆ ಗಳಿಸಿದ್ದು ಉಳಿಯಿತು, ಹೊಸದಾಗಿ ಸೇರುವುದು ನಿಂತಿತು.

ಪ್ರಶ್ನೆ: ನಮ್ಮ ದೇಶದಲ್ಲಿ ಇಂಥ ಮಾತುಕತೆ ಏಕೆ ಕಾಣುವುದಿಲ್ಲ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಕೂರಲು ಮೇಜೇ ಇರಲಿಲ್ಲ. ಅಮೆರಿಕನ್ ಪೈಲಟರು ಹೊಸ ಒಪ್ಪಂದಕ್ಕೆ ಹೆಣಗುತ್ತಿದ್ದ ಅದೇ 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಶರ್ ಏರ್‌ಲೈನ್ಸ್, ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿಸಿಕೊಂಡು, ನೌಕರರು ಕೆಲಸಕ್ಕೆ ಬಾರದಾದಾಗ ಹಾರಾಟ ನಿಲ್ಲಿಸಿತು. ಕಂಪನಿಯನ್ನು ರಕ್ಷಣೆಯಲ್ಲಿಟ್ಟು ಬಾಕಿದಾರರನ್ನೂ ಪೈಲಟರನ್ನೂ ಒಂದೆಡೆ ಕೂರಿಸುವ ಸಮಗ್ರ ಕಾನೂನು ಅಂದು ನಮ್ಮಲ್ಲಿರಲಿಲ್ಲ. 2016ರಲ್ಲಿ ದಿವಾಳಿ ಸಂಹಿತೆ ಬಂತು, ಆದರೆ ಅದರಲ್ಲೂ 1113ನೇ ಕಲಮಿನಂಥದ್ದಿಲ್ಲ. ನಮ್ಮ ಸಂಹಿತೆಯ ಬಾಕಿದಾರರ ಸಮಿತಿಯಲ್ಲಿ ಮುಖ್ಯ ಮತ ಬ್ಯಾಂಕುಗಳಂಥ ಹಣಕಾಸು ಬಾಕಿದಾರರದ್ದು. ಕಂಪನಿ ಮುಳುಗಿ ಆಸ್ತಿ ಮಾರಾಟವಾದರೆ ‘ಕೆಲಸಗಾರ’ರ 24 ತಿಂಗಳ ಬಾಕಿಗೆ ಅಡಮಾನ ಸಾಲದಷ್ಟೇ ಆದ್ಯತೆ ಇದೆ, ಉಳಿದ ನೌಕರರ 12 ತಿಂಗಳ ಬಾಕಿ ಅದರ ಕೆಳಗೆ ನಿಲ್ಲುತ್ತದೆ, ಪೈಲಟ್ ಇವೆರಡರಲ್ಲಿ ಯಾವ ಸಾಲಿಗೆ ಸೇರುತ್ತಾನೆಂಬುದೇ ಕೋರ್ಟಿನ ವಾದದ ವಸ್ತು. 2019ರ ಏಪ್ರಿಲ್‌ನಲ್ಲಿ ನಿಂತುಹೋದ ಜೆಟ್ ಏರ್‌ವೇಸ್‌ನ ನೌಕರರು ಐದೂವರೆ ವರ್ಷ ಕಾದರು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ್ದು ಕಂಪನಿಯ ಆಸ್ತಿ ಮಾರಾಟವನ್ನು.