ಗಣಿತ ಪ್ರಶ್ನೋತ್ತರ: ದಾಳ, ಸೂರಿನ ನೀರು ಮತ್ತು ಕ್ಯುಸೆಕ್

ಪ್ರಶ್ನೆ: ಎರಡು ದಾಳಗಳನ್ನು ಒಟ್ಟಿಗೆ ಎಸೆದಾಗ ಮೊತ್ತ 7 ಬರುವ ಸಂಭವನೀಯತೆ ಎಷ್ಟು ಎಂಬ ಲೆಕ್ಕಕ್ಕೆ, ಹತ್ತನೇ ತರಗತಿಯಲ್ಲಿರುವ ನನ್ನ ಮಗ 1/11 ಎಂದು ಬರೆದಿದ್ದಾನೆ. 2ರಿಂದ 12ರವರೆಗೆ ಹನ್ನೊಂದು ಮೊತ್ತಗಳಿವೆ, ಅದರಲ್ಲಿ 7 ಒಂದು ಎಂಬುದು ಅವನ ವಾದ. ಪುಸ್ತಕದಲ್ಲಿ 1/6 ಎಂದಿದೆ. ಅವನಿಗೆ ಹೇಗೆ ತಿಳಿಸಿ ಹೇಳಲಿ?
– ಗೃಹಿಣಿಯೊಬ್ಬರು, ತೀರ್ಥಹಳ್ಳಿ

ಉತ್ತರ: ಅವನ ಎಣಿಕೆಯಲ್ಲಿ ದೋಷವಿಲ್ಲ, ಮೊತ್ತಗಳು ಹನ್ನೊಂದೇ. ಆದರೆ ಅನುಕೂಲಕರ ಫಲಿತಾಂಶಗಳನ್ನು ಒಟ್ಟು ಫಲಿತಾಂಶಗಳಿಂದ ಭಾಗಿಸುವ ಸೂತ್ರಕ್ಕೆ ಒಂದು ಷರತ್ತಿದೆ: ಎಣಿಸುವ ಫಲಿತಾಂಶಗಳೆಲ್ಲವೂ ಸಮಾನ ಸಾಧ್ಯತೆಯುಳ್ಳವಾಗಿರಬೇಕು. ಮಕ್ಕಳು ಸೂತ್ರವನ್ನು ಬಾಯಿಪಾಠ ಮಾಡಿ ಷರತ್ತನ್ನು ಕೈಬಿಡುತ್ತಾರೆ, ಮತ್ತು ನಮ್ಮ ಗೈಡುಗಳೂ ಅದನ್ನು ಸಣ್ಣಕ್ಷರದಲ್ಲಿ ಮುಗಿಸಿಬಿಡುತ್ತವೆ. ಒಂದು ಕೆಂಪು, ಒಂದು ಬಿಳಿ ದಾಳ ಕೊಟ್ಟು 36 ಜೋಡಿಗಳನ್ನೂ ಅವನ ಕೈಯಿಂದಲೇ ಬರೆಸಿ. ಮೊತ್ತ 2 ಬರಬೇಕಾದರೆ ಎರಡರಲ್ಲೂ 1 ಬೀಳಬೇಕು, ಬೇರೆ ದಾರಿಯಿಲ್ಲ. 7 ಬರುವುದಕ್ಕಾದರೆ (1,6), (2,5), (3,4), (4,3), (5,2), (6,1) ಎಂಬ ಆರು ದಾರಿಗಳಿವೆ. ಆದ್ದರಿಂದ ಉತ್ತರ 6/36, ಅಂದರೆ 1/6.

ಈ ಗೊಂದಲ ಹೊಸದಲ್ಲ. ಮೂರು ದಾಳಗಳ ಆಟದಲ್ಲಿ ಮೊತ್ತ 9 ಮತ್ತು ಮೊತ್ತ 10 ಎರಡಕ್ಕೂ ಆರಾರು ಸಂಖ್ಯಾಗುಂಪುಗಳೇ ಇದ್ದರೂ 10 ಸ್ವಲ್ಪ ಹೆಚ್ಚಾಗಿ ಬೀಳುವುದನ್ನು ಇಟಲಿಯ ಜೂಜುಗಾರರು ಗಮನಿಸಿದ್ದರು. ಹದಿನೇಳನೇ ಶತಮಾನದ ಆರಂಭದಲ್ಲಿ ಗೆಲಿಲಿಯೋ ಇದನ್ನು ಬಿಡಿಸಿದ್ದು ಎಣಿಕೆಯಿಂದಲೇ: ಯಾವ ದಾಳದಲ್ಲಿ ಯಾವ ಸಂಖ್ಯೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, 216 ಫಲಿತಾಂಶಗಳಲ್ಲಿ 9ಕ್ಕೆ 25, 10ಕ್ಕೆ 27 ಸಿಗುತ್ತವೆ. ಮಗನಿಗೆ ಇದನ್ನೂ ಬಿಡಿಸಲು ಕೊಡಿ.

ಇನ್ನೊಂದು ಮಾತು. ಚೌಕಾಬಾರದ ಕವಡೆಗೆ ಈ ಸೂತ್ರವನ್ನು ಕಣ್ಣುಮುಚ್ಚಿ ಹಚ್ಚಬಾರದು. ಕವಡೆಯ ಬೆನ್ನು ಉಬ್ಬಿದೆ, ಬಾಯಿಯ ಕಡೆ ಚಪ್ಪಟೆಯಾಗಿದೆ. ಎರಡು ಮಗ್ಗುಲೂ ಒಂದೇ ಬಗೆಯಲ್ಲದ ಮೇಲೆ ತಲಾ 1/2 ಎನ್ನಲು ಆಧಾರವಿಲ್ಲ. ಅಲ್ಲಿ ಹಲವು ನೂರು ಬಾರಿ ಎಸೆದು, ಎಷ್ಟು ಸಲ ಯಾವ ಮಗ್ಗುಲಿಗೆ ಬಿತ್ತು ಎಂದು ಬರೆದಿಟ್ಟು ಭಾಗಿಸುವುದೇ ಸರಿಯಾದ ಮಾರ್ಗ.

ಪ್ರಶ್ನೆ: ನಮ್ಮ ಹೆಂಚಿನ ಮನೆಯ ಮಾಡು, ಸೂರೂ ಸೇರಿ, ನೆಲದ ಅಳತೆಯಲ್ಲಿ 12 ಮೀಟರ್ ಉದ್ದ, 8 ಮೀಟರ್ ಅಗಲ ಇದೆ. ಇಳಿಜಾರನ್ನು ಅಳೆದರೆ 110 ಚದರ ಮೀಟರ್ ಆಗುತ್ತದೆ. ಒಂದು ದಿನ 100 ಮಿ.ಮೀ. ಮಳೆ ಬಂದರೆ, 2 ಮೀಟರ್ ವ್ಯಾಸ ಮತ್ತು 2.5 ಮೀಟರ್ ಎತ್ತರದ ಸಿಲಿಂಡರ್ ಆಕಾರದ ತೊಟ್ಟಿಯಲ್ಲಿ ಆ ನೀರು ಹಿಡಿಯುತ್ತದೆಯೇ? ನನ್ನ ಲೆಕ್ಕದಲ್ಲಿ ತೊಟ್ಟಿಗೆ 31,000 ಲೀಟರ್ ಹಿಡಿಯುತ್ತದೆ. ಅಣ್ಣ ನಗುತ್ತಾನೆ.
– ವಿದ್ಯಾರ್ಥಿನಿ, ಹೊಸನಗರ

ಉತ್ತರ: ಅಣ್ಣ ನಗುವುದಕ್ಕೆ ಕಾರಣವಿದೆ, ಆದರೆ ನಿಮ್ಮ ಪ್ರಶ್ನೆ ಒಳ್ಳೆಯದು. ಮೊದಲು ಮಾಡಿನ ವಿಚಾರ ನೋಡೋಣ. ನೇರವಾಗಿ ಬೀಳುವ ಮಳೆಯಲ್ಲಿ ಮಾಡಿಗೆ ಸಿಗುವುದು, ನಡುನೆತ್ತಿಯ ಸೂರ್ಯನ ಕೆಳಗೆ ಅದು ನೆಲದ ಮೇಲೆ ಎಷ್ಟು ನೆರಳು ಚೆಲ್ಲುತ್ತದೆಯೋ ಅಷ್ಟು ಜಾಗದ ನೀರು ಮಾತ್ರ. ಇಳಿಜಾರು ಹೆಚ್ಚಿಸಿದರೆ ಹೆಂಚು ಹೆಚ್ಚು ಬೇಕಾಗುತ್ತದೆಯೇ ಹೊರತು ನೀರು ಹೆಚ್ಚುವುದಿಲ್ಲ. ಆದ್ದರಿಂದ 110 ಅಲ್ಲ, 12 × 8 = 96 ಚದರ ಮೀಟರನ್ನೇ ತೆಗೆದುಕೊಳ್ಳಬೇಕು. 100 ಮಿ.ಮೀ. ಎಂದರೆ 0.1 ಮೀಟರ್. ಘನಫಲ 9.6 ಘನ ಮೀಟರ್, ಅಂದರೆ 9,600 ಲೀಟರ್.

ತೊಟ್ಟಿಯ ಲೆಕ್ಕದಲ್ಲಿ ನೀವು ತ್ರಿಜ್ಯದ ಜಾಗದಲ್ಲಿ ವ್ಯಾಸವನ್ನು ಹಾಕಿದ್ದೀರಿ. ತ್ರಿಜ್ಯ 1 ಮೀಟರ್, ಹಾಗಾಗಿ 22/7 × 1 × 1 × 2.5, ಸುಮಾರು 7.86 ಘನ ಮೀಟರ್ ಅಥವಾ 7,860 ಲೀಟರ್. ಸುಮಾರು 1,740 ಲೀಟರ್ ನೀರು ತುಂಬಿ ಹೊರಗೆ ಹೋಗುತ್ತದೆ. ನಿಮ್ಮ ಉತ್ತರ ಎರಡು ಪಟ್ಟಲ್ಲ, ನಾಲ್ಕು ಪಟ್ಟಾದದ್ದನ್ನು ಗಮನಿಸಿ. ಸೂತ್ರದಲ್ಲಿ ತ್ರಿಜ್ಯದ ವರ್ಗವಿರುವುದರಿಂದ ಹಾಗಾಯಿತು. ಎತ್ತರವನ್ನು ತಪ್ಪಾಗಿ ಇಮ್ಮಡಿ ಮಾಡಿದ್ದರೆ ಉತ್ತರವೂ ಇಮ್ಮಡಿಯಷ್ಟೇ ಆಗುತ್ತಿತ್ತು.

ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್. ಇದೊಂದನ್ನು ನೆನಪಿಟ್ಟುಕೊಂಡರೆ ಇಂಥ ಲೆಕ್ಕಗಳು ಬಾಯಲ್ಲೇ ಆಗುತ್ತವೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಆಗುಂಬೆಯಲ್ಲಿ, ಒಂದು ಚದರ ಮೀಟರ್ ಅಂಗಳಕ್ಕೆ 7,000 ಲೀಟರಿಗೂ ಮಿಕ್ಕಿ ನೀರು ಬೀಳುತ್ತದೆ. ಗಾಳಿಗೆ ಓರೆಯಾಗಿ ಹೊಡೆಯುವ ಆಷಾಢದ ಮಳೆ, ಹೆಂಚು ಹೀರುವ ನೀರು, ದಂಬೆಯಿಂದ ಸಿಡಿದು ಹೋಗುವ ನೀರು ಇವುಗಳನ್ನು ಪರೀಕ್ಷೆಯ ಲೆಕ್ಕ ಬಿಟ್ಟುಬಿಡುತ್ತದೆ. ತೊಟ್ಟಿ ಕಟ್ಟಿಸುವವರು ಬಿಡುವಂತಿಲ್ಲ.

ಪ್ರಶ್ನೆ: ಜಲಾಶಯಕ್ಕೆ 30,000 ಕ್ಯುಸೆಕ್ ಒಳಹರಿವು ಎಂದು ಪತ್ರಿಕೆಯಲ್ಲಿ ಓದಿದರೆ, ದಿನಕ್ಕೆ ಎಷ್ಟು ಟಿಎಂಸಿ ಎಂದು ತಿಳಿಯುವುದು ಹೇಗೆ?
– ಕೃಷಿಕರೊಬ್ಬರು, ಸಾಗರ

ಉತ್ತರ: ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅದು ಹರಿವಿನ ದರ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ; ಅದು ನೀರಿನ ಪ್ರಮಾಣ. ಎರಡರ ನಡುವೆ ಕಾಲವನ್ನು ತರದೆ ಒಂದನ್ನು ಇನ್ನೊಂದಕ್ಕೆ ಬದಲಿಸಲಾಗದು. ದಿನಕ್ಕೆ 86,400 ಸೆಕೆಂಡುಗಳು. 30,000 × 86,400 = 259.2 ಕೋಟಿ ಘನ ಅಡಿ, ಅಂದರೆ ಸುಮಾರು 2.6 ಟಿಎಂಸಿ. ಇಡೀ ದಿನ ಸುಮಾರು 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ ಆಗುತ್ತದೆ ಎಂಬುದನ್ನು ನೆನಪಿನಲ್ಲಿ ಇಟ್ಟುಕೊಳ್ಳಬಹುದು. ಸುಮಾರು 151 ಟಿಎಂಸಿ ಸಾಮರ್ಥ್ಯದ ಲಿಂಗನಮಕ್ಕಿ, ಪೂರ್ತಿ ಬರಿದಾಗಿದ್ದು ಹನಿ ನೀರನ್ನೂ ಹೊರಬಿಡದಿದ್ದರೆ, ಈ ದರದಲ್ಲಿ ತುಂಬಲು 58 ದಿನಗಳು ಬೇಕು. ಅದು ಪೂರ್ತಿ ಬರಿದಾಗುವುದೂ ಇಲ್ಲ, ವಿದ್ಯುತ್ತಿಗೆ ನೀರು ಬಿಡುವುದು ನಿಲ್ಲುವುದೂ ಇಲ್ಲವಾದ್ದರಿಂದ ಇದು ಕಾಗದದ ಲೆಕ್ಕ.

ಪ್ರಶ್ನೆ: ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗಿ, 60 ಕಿ.ಮೀ. ವೇಗದಲ್ಲಿ ಮರಳಿದರೆ ಸರಾಸರಿ ವೇಗ 50 ಏಕಲ್ಲ?
– ವಿದ್ಯಾರ್ಥಿ, ಭದ್ರಾವತಿ

ಉತ್ತರ: ದೂರವನ್ನು 60 ಕಿ.ಮೀ. ಎಂದಿಟ್ಟುಕೊಳ್ಳಿ. ಹೋಗಲು ಒಂದೂವರೆ ಗಂಟೆ, ಬರಲು ಒಂದು ಗಂಟೆ. ನಿಧಾನದ ವೇಗದಲ್ಲಿ ಕಳೆದ ಹೊತ್ತೇ ಹೆಚ್ಚಾದ್ದರಿಂದ ಸರಾಸರಿಯೂ ಅದರ ಕಡೆಗೆ ವಾಲುತ್ತದೆ: 120 ಕಿ.ಮೀ.ಯನ್ನು 2.5 ಗಂಟೆಯಿಂದ ಭಾಗಿಸಿದರೆ 48. ಎರಡೂ ವೇಗಗಳಲ್ಲಿ ಸಮನಾದ ಹೊತ್ತು ಓಡಿದ್ದರೆ ಮಾತ್ರ 50 ಸರಿ. ದೂರವನ್ನು 120 ಎಂದಿಟ್ಟರೂ 240 ಕಿ.ಮೀ.ಗೆ 5 ಗಂಟೆಯಾಗಿ 48ಯೇ ಬರುತ್ತದೆ.