ಅಮ್ಮನ ಕಾಯಿಲೆಯನ್ನು ಮಗಳ ಬಾಯಲ್ಲಿ ಹೇಳಿಸಬೇಡಿ

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನನ್ನ ಹತ್ತಿರ ಆಪ್ತಸಲಹೆಗೆ ಬರುವ ಚೀನೀ ಕುಟುಂಬಗಳಲ್ಲಿ ಈ ಕಥೆ ಮತ್ತೆ ಮತ್ತೆ ಕಾಣುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ತಾಯಿ ದಕ್ಷಿಣ ಚೀನಾದ ತೈಶಾನ್ ಕಡೆಯವರು. ಅಮೆರಿಕದಲ್ಲಿದ್ದ ಅಣ್ಣ ಹಾಕಿದ್ದ ವಲಸೆ ಅರ್ಜಿಗೆ ಹತ್ತು ವರ್ಷಕ್ಕೂ ಜಾಸ್ತಿ ಕಾದು, ಪುಟ್ಟ ಮಗಳ ಜೊತೆ ಬಂದು, ಚೈನಾಟೌನಿನಲ್ಲಿ ಹೊಲಿಗೆ ಕೆಲಸಕ್ಕೆ ಸೇರಿದರು. ಅಲ್ಲಿ ಇಂಗ್ಲಿಷ್ ಬೇಕಾಗಲಿಲ್ಲ. ಬೇಕಾದ ಕಡೆಗೆಲ್ಲ ಮಗಳಿದ್ದಳು: ಬ್ಯಾಂಕು, ಬಾಡಿಗೆ ಪತ್ರ, ತೆರಿಗೆ, ಆಸ್ಪತ್ರೆ. ಅವಳಿಗೆ ಈಗ ಮೂವತ್ತರ ಹತ್ತಿರ. ಅಮ್ಮನ ಫೋನ್ ಬಂದರೆ ಸಂಕಟವಾಗುತ್ತೆ, ಸಂಬಂಧವೇ ಬೇಡ ಅನಿಸುತ್ತೆ ಅಂತ ಬಂದಳು.

ಇಬ್ಬರನ್ನೂ ಕೂರಿಸಿದ ದಿನ ಮಗಳು ಅಭ್ಯಾಸಬಲದಿಂದ ಅಮ್ಮನ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಶುರು ಮಾಡಿದಳು. ಬೇಡ ಅಂದೆ. ತೈಶಾನ್ ಮಾತು ಬಲ್ಲ ದುಭಾಷಿಯನ್ನು ಕರೆಸಿದ್ದೆ.

ಹನ್ನೊಂದನೇ ವಯಸ್ಸಿನಲ್ಲಿ ನಡೆದದ್ದನ್ನು ಮಗಳು ಹೇಳಿದಳು. ಅಮ್ಮನ ಎದೆಯಲ್ಲಿ ಗಂಟಿದೆ, ಬಯಾಪ್ಸಿ ಆಗಬೇಕು, ಕ್ಯಾನ್ಸರ್ ಇರಬಹುದು ಅಂತ ಡಾಕ್ಟರು ಈ ಹುಡುಗಿಗೆ ಹೇಳಿದರು, ಅಮ್ಮನಿಗೆ ಹೇಳು ಅಂದರು. ಇವಳು "ಏನೂ ಇಲ್ವಂತೆ, ಸೂಜಿ ಚುಚ್ಚಿ ನೋಡ್ತಾರಂತೆ" ಅಂದುಬಿಟ್ಟಳು. ಗಂಟು ಅಪಾಯದ್ದಲ್ಲ ಅಂತ ತಿಳಿಯುವ ತನಕ ಆ ಭಯವನ್ನು ಒಬ್ಬಳೇ ಹೊತ್ತಿದ್ದಳು.

ತಾಯಿ ದುಭಾಷಿಯ ಕಡೆ ತಿರುಗಿ ಹೇಳಿದರು: "ಇವಳ ಮುಖ ನೋಡಿದಾಗಲೇ ಗೊತ್ತಾಯ್ತು. ಕೇಳಿದ್ರೆ ಅದನ್ನ ಇವಳೇ ಹೇಳಬೇಕಾಗ್ತಿತ್ತು. ಅದಕ್ಕೇ ನಂಬಿದ ಹಾಗೆ ಇದ್ದೆ."

ಮಗಳು ಕರಗಲಿಲ್ಲ, ಸಿಟ್ಟಾದಳು. "ಗೊತ್ತಿದ್ದೂ ಸುಮ್ನಿದ್ಯಾ?" ಆ ಸಿಟ್ಟಿಗೆ ನ್ಯಾಯವಿದೆ, ನಾನು ತಡೆಯಲಿಲ್ಲ. ಆಮೇಲೆ ತಾಯಿ ತುಂಬ ಹೊತ್ತು ಮಾತಾಡಿದರು, ಪೀಸ್ ಲೆಕ್ಕದ ಕೂಲಿಯ ಬಗ್ಗೆ, ಪ್ರತಿಯೊಂದಕ್ಕೂ ಮಗಳ ಮುಂದೆ ಕೈಚಾಚುವ ನಾಚಿಕೆಯ ಬಗ್ಗೆ. ಇದನ್ನೆಲ್ಲ ಅವಳು ಕೇಳಿಯೇ ಇರಲಿಲ್ಲ. ಅವಳಿಗೆ ಬರುವ ತೈಶಾನ್ ಮಾತು ಊಟ, ಬಟ್ಟೆ, ಬೈಗುಳಕ್ಕೆ ಸಾಕಾಗುವಷ್ಟೇ, ಅಲ್ವಾ?

ನಾನು ಕೊಟ್ಟ ಸಲಹೆ ಇಷ್ಟು. ಆಸ್ಪತ್ರೆಗೆ ಇನ್ನು ದುಭಾಷಿಯಾಗಿ ಹೋಗಬೇಡ. ಅಮೆರಿಕದಲ್ಲಿ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಉಚಿತವಾಗಿ ದುಭಾಷಿಯನ್ನು ಒದಗಿಸಬೇಕು. 1964ರ ನಾಗರಿಕ ಹಕ್ಕುಗಳ ಕಾಯ್ದೆಯಿಂದ ಬಂದ ಹೊಣೆ ಅದು. ತುರ್ತು ಸಂದರ್ಭ ಬಿಟ್ಟರೆ ಚಿಕ್ಕ ಮಕ್ಕಳ ಕೈಲಿ ಈ ಕೆಲಸ ಮಾಡಿಸಬಾರದು ಅಂತ 2016ರ ನಿಯಮವೂ ಹೇಳಿದೆ. ಇನ್ನೊಂದು, ಓದಿ ಹೇಳಬೇಕಾದ ಯಾವ ಕಾಗದವೂ ಇಲ್ಲದ ದಿನ ಅಮ್ಮನಿಗೆ ನೀನೇ ಫೋನ್ ಮಾಡು.

ಅಮ್ಮನಿಂದ ದೂರ ಇರು ಅಂತ ಹೇಳಬೇಕಿತ್ತು ಎಂದು ಕೆಲವು ಸಹೋದ್ಯೋಗಿಗಳು ವಾದಿಸಿದರು. ಹೊಡೆದು ಬಡಿದು ಮಾಡಿದ ತಾಯಿಯಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇಲ್ಲಿ ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ಕಾಯಿಲೆ ಹೇಳಿದ್ದು ಆಸ್ಪತ್ರೆ. ದುಭಾಷಿ ಕೆಲಸ ಬಿಡಲು ಮಗಳು ಅಮ್ಮನನ್ನೂ ಬಿಡಬೇಕೇ?

ಊರಿಂದ ಬಂದ ಅಜ್ಜಿಯ ಜೊತೆ ಮೊಮ್ಮಗಳನ್ನು ಕ್ಲಿನಿಕ್ಕಿಗೆ ಕಳಿಸುವ ಕನ್ನಡದ ಮನೆಗಳೂ ಇಲ್ಲಿವೆ. ದಯವಿಟ್ಟು ಬೇಡ. ಫೋನಿನಲ್ಲಾದರೂ ಸರಿ, ಕನ್ನಡ ಬಲ್ಲ ದುಭಾಷಿ ಬೇಕು ಅಂತ ಕೇಳಿ.

ಆ ತಾಯಿ ಈಗ ಡಾಕ್ಟರ ಹತ್ತಿರ ಒಬ್ಬರೇ ಹೋಗುತ್ತಾರೆ. ತೆರಿಗೆ ಕಾಗದ ಮಾತ್ರ ಇನ್ನೂ ಮಗಳೇ ನೋಡುತ್ತಾಳೆ, ಅದಕ್ಕೆ ನಾನು ಬೇಡ ಅನ್ನಲಿಲ್ಲ.